ಚೀಟಿಯಲ್ಲಿದ್ದ ದೃಷ್ಟಿ

ಭಾನುವಾರ, ಮಂಗಳವಾರ ಸಂಜೆ ನಮ್ಮ ಬಾಗಿಲಲ್ಲಿ ಚಿಕ್ಕ ಚಪ್ಪಲಿ ಕಂಡರೆ ಯಾರೋ ಮಗುವಿಗೆ ದೃಷ್ಟಿ ತೆಗೆಸಲು ಬಂದಿದ್ದಾರೆ ಎಂದು ಬೀದಿಗೆಲ್ಲ ಗೊತ್ತು. ಕೊಡಿಗೇಹಳ್ಳಿಯಲ್ಲಿ ದೃಷ್ಟಿ ತೆಗೆಯುವವಳು ನಾನೊಬ್ಬಳೇ ಅಲ್ಲ. ಆದರೆ ನನ್ನ ಕೈ ಒಳ್ಳೆಯದು ಎಂದು ಹೆಸರಾಗಿದೆ. ಸುತ್ತ ನಾಲ್ಕು ಮಹಡಿ ಐದು ಮಹಡಿ ಎದ್ದ ಮೇಲೂ, ನಡುವೆ ಸಿಕ್ಕಿಕೊಂಡಿರುವ ನಮ್ಮ ಹೆಂಚಿನ ಮನೆಯನ್ನು ಜನ ಹುಡುಕಿಕೊಂಡು ಬರುತ್ತಾರೆ.

ಕೆಲಸ ದೊಡ್ಡದೇನಲ್ಲ. ಕಲ್ಲುಪ್ಪು, ಸಾಸಿವೆ, ಏಳು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿತೆಗೆಯಬೇಕು. ಆಮೇಲೆ ಕೆಂಡಕ್ಕೆ ಹಾಕಬೇಕು. ಮೆಣಸಿನಕಾಯಿ ಘಾಟು ಎದ್ದರೆ ದೃಷ್ಟಿ ಇಲ್ಲ. ಘಾಟು ಏಳದಿದ್ದರೆ ದೃಷ್ಟಿ ಆಗಿದೆ. ನನ್ನ ಅತ್ತೆ ಇಷ್ಟೇ ಹೇಳಿಕೊಟ್ಟಿದ್ದು. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಒತ್ತಕ್ಷರ ಬಂದರೆ ನಿಂತುಬಿಡುತ್ತೇನೆ. ಆದರೆ ‘ದೃಷ್ಟಿ’ ಎನ್ನುವ ಪದ ಮಾತ್ರ ಕಣ್ಣಿಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ. ದೃಷ್ಟಿದಾರದ ಪೊಟ್ಟಣದ ಮೇಲೆ ಅದನ್ನು ಸಾವಿರ ಸಲ ನೋಡಿದ್ದೇನೆ.

ಆ ಒಂದು ಪದ ಓದಲು ಬಂದದ್ದೇ ತಪ್ಪಾಯಿತು.

ಮೂರು ವರ್ಷದ ಹಿಂದೆ, ಮಾರ್ಗಶಿರದ ಕೊನೆಯಲ್ಲಿ, ಕೆಂಪಾಪುರದಿಂದ ಒಬ್ಬ ಹೆಣ್ಣುಮಗಳು ಬಂದಳು. ತೆಲುಗಿನವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಗಂಡ ಮಾಕಳಿಯವನು, ಯಶವಂತಪುರದ ಯಾರ್ಡಿನಿಂದ ಟೆಂಪೊ ಓಡಿಸುತ್ತಾನೆ. ಜೊತೆಯಲ್ಲಿ ನಾಲ್ಕೂವರೆ ವರ್ಷದ ಮಗಳಿದ್ದಳು. ಹುಡುಗಿ ತುದಿಗಾಲಲ್ಲಿ ನಡೆಯುತ್ತಿದ್ದಳು. ನನ್ನನ್ನು ನೋಡಲಿಲ್ಲ, ಮನೆಯನ್ನೂ ನೋಡಲಿಲ್ಲ. ನೇರವಾಗಿ ಒಳಗೆ ಬಂದು, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದುಕೊಂಡು ನೆಲದ ಮೇಲೆ ಬುಗುರಿಯ ಹಾಗೆ ತಿರುಗಿಸುತ್ತಾ ಕೂತಳು.

‘ಏನಮ್ಮ ಸಮಾಚಾರ?’ ಎಂದೆ.

‘ಮಾತಾಡಲ್ಲ ಅಜ್ಜಿ. ಮೊದಲು ಅಮ್ಮ, ತಾತ ಅಂತಿದ್ಲು. ಅದೂ ಹೋಯ್ತು. ಕರೆದ್ರೆ ತಿರುಗಲ್ಲ. ಅಂಗನವಾಡಿ ಟೀಚರ್ ಚೀಟಿ ಕೊಟ್ಟಿದ್ದಾರೆ, ದೃಷ್ಟಿ ಅಂತ. ಬೇಗ ತೋರಿಸಿ ಅಂದ್ರು.’

ಮಡಚಿದ ಚೀಟಿಯನ್ನು ಸೆರಗಿನ ಗಂಟಿನಿಂದ ತೆಗೆದುಕೊಟ್ಟಳು. ನಾಲ್ಕು ಸಾಲು ಇತ್ತು. ನಾನು ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಎರಡನೇ ಸಾಲಿನಲ್ಲಿ ‘ದೃಷ್ಟಿ’ ಇತ್ತು. ಅಷ್ಟು ಸಾಕು. ಓದಿದ ಟೀಚರೇ ಬರೆದುಕೊಟ್ಟು ನನ್ನ ಹತ್ತಿರ ಕಳಿಸಿದ್ದಾಳಲ್ಲ ಎಂದು ಒಳಗೊಳಗೇ ಜಂಬ ಕೂಡ ಬಂತು.

ಅಂಗಳಕ್ಕೆ ಕರೆತರಿಸಿ, ಇಳಿತೆಗೆದು ಕೆಂಡಕ್ಕೆ ಹಾಕಿದೆ. ಉಪ್ಪು, ಸಾಸಿವೆ ಚಟಪಟ ಸಿಡಿದವು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದಳು. ಅಂಥ ಕಿರುಚಾಟವನ್ನು ನಾನು ಕೇಳಿರಲಿಲ್ಲ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಲು ಹೋದಳು, ತಾಯಿ ಅಡ್ಡ ಕೈ ಕೊಟ್ಟಳು. ಘಾಟು ಮಾತ್ರ ಏಳಲಿಲ್ಲ.

‘ನೋಡ್ದಾ? ದೃಷ್ಟಿ ಓಗೋವಾಗ ಇಂಗೇ ಕಿರುಚಿಸ್ತದೆ,’ ಎಂದೆ. ‘ದೊಡ್ಡ ಕಣ್ಣೇ ಬಿದ್ದದೆ. ಎಂಟು ವಾರ ಬಾ. ಅಲ್ಲೀಗಂಟ ನಾಕು ಜನದ ಕಣ್ಣಿಗೆ ಬೀಳ್ದಂಗೆ ಮಡಿಕೋ.’

ಆ ಚೀಟಿಯನ್ನು ವಾಪಸ್ಸು ಕೊಡಲಿಲ್ಲ. ದೃಷ್ಟಿ ಎಂದು ಬರೆದಿರುವ ಕಾಗದ, ಒಳ್ಳೆಯದೇ ಆಯಿತೆಂದು ಸಣ್ಣಗೆ ಸುತ್ತಿ, ತಾಯತದ ಹಾಗೆ ಕರಿದಾರದಲ್ಲಿ ಕಟ್ಟಿ ಹುಡುಗಿಯ ತೋಳಿಗೆ ಹಾಕಿದೆ. ಮನೆ ತಲುಪುವ ಮೊದಲೇ ಅವಳು ಅದನ್ನು ಕಿತ್ತು ಹಾಕಿದ್ದಳಂತೆ. ತಾಯಿ ಎತ್ತಿಟ್ಟುಕೊಂಡು ಬಂದದ್ದನ್ನು ಮುಂದಿನ ವಾರ ಸೊಂಟಕ್ಕೆ ಕಟ್ಟಿದೆ. ಅದನ್ನೂ ಕಿತ್ತಳು. ಕೊರಳಿಗೆ ಕಟ್ಟಿದರೆ ಚರ್ಮ ಕೆಂಪಾಗುವ ಹಾಗೆ ಕೆರೆದುಕೊಂಡಳು. ದೃಷ್ಟಿಗೆ ಹೋಗುವ ಮನಸ್ಸಿಲ್ಲ, ಅದಕ್ಕೇ ದಾರ ಕೀಳಿಸುತ್ತಿದೆ ಎಂದು ನಾನು ತಾಯಿಗೆ ವಿವರಿಸಿದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು.

ಎಂಟು ವಾರ ಕಳೆಯಿತು. ಒಂದು ಸಲವೂ ಘಾಟು ಏಳಲಿಲ್ಲ. ಹುಡುಗಿ ನಮ್ಮ ಗೇಟಿನ ಹತ್ತಿರ ಬರುತ್ತಿದ್ದ ಹಾಗೇ ನೆಲಕ್ಕೆ ಬಿದ್ದು ಕೈಕಾಲು ಬಡಿಯತೊಡಗಿದಳು. ಕೊನೆಗೆ ನಾನು ಹೇಳಿದೆ: ‘ಒಂದ್ ಕೆಲಸ ಮಾಡಮ್ಮ. ಈ ಚೀಟೀನ ಒಂದು ಬಟ್ಟೆ ಚೀಲದಾಗೆ ಇಟ್ಟು ಹೊಲಿಸಿ, ಫ್ರಾಕಿನ ಒಳಗಡೆ ಸೇರಿಸ್ಬುಡು. ಆಗ ಎಂಗೆ ಕೀಳ್ತಾಳೆ ನೋಡಾನ.’

ನಮ್ಮ ಬೀದಿಯ ಕೊನೆಯಲ್ಲಿ ಟೈಲರ್ ಅಂಗಡಿ ಇದೆ. ನಡೆಸುವವಳು ಆರ್.ಟಿ. ನಗರದಿಂದ ಬರುವ ಸಾಬರ ಹೆಂಗಸು. ಮನೆಯಲ್ಲಿ ಉರ್ದು, ಓದಿದ್ದು ಕನ್ನಡ ಶಾಲೆ, ಅದೂ ಎಸ್ಸೆಸ್ಸೆಲ್ಸಿ ತನಕ. ಕನ್ನಡ ಪೇಪರನ್ನು ಹೊಲಿಗೆ ಮೆಷಿನ್ ಮೇಲೆ ಹಾಸಿಕೊಂಡು ಮೂಲೆ ಮೂಲೆ ಓದುತ್ತಾಳೆ. ಅವಳ ಮಗ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವನು, ಅಂಗಡಿಯಲ್ಲೇ ಇರುತ್ತಾನೆ. ಇಸ್ತ್ರಿ ಮಾಡುತ್ತಾನೆ, ಗುಂಡಿ ಹಾಕುತ್ತಾನೆ, ಒಂದೇ ರಾಗದಲ್ಲಿ ಗುಂಯ್ ಎನ್ನುತ್ತಿರುತ್ತಾನೆ. ಅವನನ್ನು ಬೀದಿಯವರು, ನಾನೂ ಸೇರಿ, ಅರ್ಧಂಬರ್ಧ ಎನ್ನುತ್ತಿದ್ದೆವು.

ತಾಯಿ ಚೀಟಿ ತೆಗೆದುಕೊಂಡು ಅಲ್ಲಿಗೆ ಹೋದಳು. ಕಾಲು ಗಂಟೆಯಲ್ಲಿ ಟೈಲರಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ನಮ್ಮ ಮನೆಗೆ ಬಂದಳು. ಕೈಯಲ್ಲಿ ಚೀಟಿ ಇತ್ತು.

‘ಅಜ್ಜೀ, ಇದನ್ನ ಓದಿದ್ರಾ?’

‘ಓದ್ದೆ ಕಣಮ್ಮ. ದೃಷ್ಟಿ ಅಂತ ಬರದದೆ.’

‘ಅದರ ಮುಂದಿನದು?’

‘ಮುಂದಿಂದು ಯಾತಕ್ಕೆ?’

ಅವಳು ಕಣ್ಣು ಮುಚ್ಚಿ ತೆಗೆದಳು. ಆಮೇಲೆ ಒಂದನೇ ಕ್ಲಾಸಿನ ಮಗುವಿಗೆ ಓದಿ ಹೇಳುವ ಹಾಗೆ ಬೆರಳಿಟ್ಟು ಓದಿದಳು. ‘ಮಗು ಹೆಸರು ಕರೆದರೆ ತಿರುಗುವುದಿಲ್ಲ. ದೃಷ್ಟಿ ಸಂಪರ್ಕ ಇಲ್ಲ. ಬೇರೆ ಮಕ್ಕಳ ಜೊತೆ ಸೇರುವುದಿಲ್ಲ. ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.’ ಚೀಟಿ ಮಡಚಿದಳು. ‘ದೃಷ್ಟಿ ಸಂಪರ್ಕ ಅಂದ್ರೆ ಎದುರಿಗಿರೋರ ಕಣ್ಣಲ್ಲಿ ಕಣ್ಣಿಟ್ಟು ನೋಡೋದು ಅಜ್ಜಿ. ಈ ಮಗು ನೋಡಲ್ಲ ಅಂತ ಟೀಚರ್ ಬರೆದಿದ್ದಾರೆ. ನೀವು ಡಾಕ್ಟರಿಗೆ ಬರೆದ ಚೀಟಿನ ತಾಯತ ಮಾಡಿದ್ದೀರಿ!’

ನಾನು ಸುಲಭಕ್ಕೆ ಬಗ್ಗುವವಳಲ್ಲ. ‘ಅಂಗಾದ್ರೆ ಘಾಟು ಯಾಕೆ ಬರಲಿಲ್ಲ? ಎಂಟು ವಾರ ಸುಟ್ಟಿದ್ದೀನಿ,’ ಎಂದೆ.

‘ಯಾವ ಮೆಣಸಿನಕಾಯಿ?’

ಮೆಣಸಿನಕಾಯಿ ಡಬ್ಬಿ ತೆಗೆದು ನೋಡಿದೆ. ಹಿಂದಿನ ವರ್ಷದ ಸಂಕ್ರಾಂತಿಯಲ್ಲಿ ನನಗೆ ಹೊಟ್ಟೆಹುಣ್ಣು ಎಂದು ಡಾಕ್ಟರು ಖಾರ ಬಿಡಿಸಿದ್ದರು. ಅಂದಿನಿಂದ ಮನೆಗೆ ತರಿಸುತ್ತಿದ್ದುದು ಬರೀ ಬ್ಯಾಡಗಿ. ಬಣ್ಣ ಬರುತ್ತದೆ, ಖಾರ ಇರುವುದಿಲ್ಲ. ಅದೂ ಅಂಗಳದ ಗಾಳಿಯಲ್ಲಿ ಸುಟ್ಟರೆ ಘಾಟು ಎಲ್ಲಿಂದ ಏಳಬೇಕು? ಆ ವರ್ಷವಿಡೀ ಬಂದ ಮಕ್ಕಳಿಗೆಲ್ಲ ದೃಷ್ಟಿ ಆಗಿತ್ತು. ಜನರ ಕಣ್ಣು ಕೆಟ್ಟು ಹೋಗಿದೆ, ಏರ್‌ಪೋರ್ಟ್ ರೋಡ್ ಬಂದ ಮೇಲೆ ಹೊಟ್ಟೆಕಿಚ್ಚು ಜಾಸ್ತಿಯಾಗಿದೆ ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಟೈಲರಮ್ಮ ನಗಲಿಲ್ಲ. ನಕ್ಕಿದ್ದರೆ ನಾನು ಜಗಳ ತೆಗೆಯುತ್ತಿದ್ದೆ. ‘ನನ್ನ ಮಗನೂ ಇದೇ ಅಜ್ಜಿ,’ ಎಂದಳು. ‘ಆಟಿಸಂ ಅಂತಾರೆ. ಕಾಯಿಲೆ ಅಲ್ಲ, ದೃಷ್ಟಿನೂ ಅಲ್ಲ. ತಲೆ ಓಡೋ ರೀತಿನೇ ಬೇರೆ. ನಮಗೂ ಮೊದಲು ಯಾರೂ ಹೇಳಲಿಲ್ಲ. ದರ್ಗಾ, ದೇವಸ್ಥಾನ, ನಾಟಿ ಔಷಧಿ, ಏಳು ವರ್ಷ ಹೋಯ್ತು. ಇವಳಿಗೆ ಇನ್ನೂ ಐದು ತುಂಬಿಲ್ಲ. ಈಗಿಂದ ಹೇಳಿಕೊಟ್ರೆ ಎಷ್ಟೋ ಕಲೀತಾಳೆ.’

‘ಅಂಗಾದ್ರೆ ಕರ್ಕೊಂಡೋಗು.’

‘ನಾನು ಕರೆದೆ. ನನ್ನ ಮಾತು ಕೇಳಲಿಲ್ಲ. ಅಜ್ಜಿ ಹೇಳಿದ್ರೆ ಮಾತ್ರ ಅಂದ್ಲು. ಇನ್ನೊಂದು ಗೊತ್ತಾ? ನಾಲ್ಕು ಜನದ ಕಣ್ಣಿಗೆ ಬೀಳಬಾರದು ಅಂತ ನೀವು ಹೇಳಿದ್ರಂತೆ. ಅಂಗನವಾಡಿ ಬಿಡಿಸಿದ್ದಾರೆ. ಯುಗಾದಿ ಮುಗಿದ ಮೇಲೆ ಮಾಕಳಿಗೆ, ಗಂಡನ ಅಮ್ಮನ ಹತ್ರ ಬಿಡ್ತಾರಂತೆ. ಒಂದು ಕೋಣೆ ಖಾಲಿ ಮಾಡಿಟ್ಟಿದ್ದಾರಂತೆ. ಬಾಗಿಲಿಗೆ ಹೊರಗಡೆಯಿಂದ ಚಿಲಕ.’

ನನ್ನ ಬಾಯಿಂದ ಬಂದ ಒಂದು ಮಾತಿಗೆ ಒಂದು ಕೋಣೆ ಖಾಲಿಯಾಗಿತ್ತು. ಯುಗಾದಿಗೆ ಐದು ವಾರ ಇತ್ತು.

ನಾನು ಅಳುತ್ತಾ ಕೂರಲಿಲ್ಲ. ಕೂತರೆ ಆ ಹುಡುಗಿಗೆ ಏನು ಬರುತ್ತಿತ್ತು? ಚಪ್ಪಲಿ ಮೆಟ್ಟಿಕೊಂಡು, ಊರುಗೋಲು ಹಿಡಿದು ಹೊರಟೆ. ತಾಯಿ ಅಂಗಡಿಯಲ್ಲೇ ಕಾದು ಕೂತಿದ್ದಳು.

‘ಏಳಮ್ಮ,’ ಎಂದೆ. ‘ದೃಷ್ಟಿ ಗಿಷ್ಟಿ ಏನೂ ಇಲ್ಲ. ನಾನು ಓದಿದ್ದು ತಪ್ಪಾಯ್ತು. ಡಾಕ್ಟರ ತಾವ ಓಗಾನ. ನಾನೂ ಬತ್ತೀನಿ.’

ಅವಳು ನನ್ನ ಮುಖವನ್ನೇ ನೋಡಿದಳು. ‘ಎಂಟು ವಾರ ದೊಡ್ಡ ದೃಷ್ಟಿ ಅಂದ್ರಿ.’

‘ಅಂದೆ. ಈಗ ಇಲ್ಲ ಅಂತೀನಿ. ಎರಡೂ ನನ್ನ ಬಾಯೇ. ಏಳು.’

ಟೈಲರಮ್ಮ ಬಾಗಿಲವರೆಗೆ ಬಂದು ಎರಡು ಮಾತು ಹೇಳಿದಳು. ವಾಸಿ ಮಾಡಿಕೊಡುತ್ತೇನೆ ಎನ್ನುವವರ ಹತ್ತಿರ ನಿಲ್ಲಬೇಡಿ. ಮಗುವನ್ನು ಒಳಗೆ ಕರೆದುಕೊಂಡು ತಾಯಿಯನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡರೆ ಎದ್ದು ಬನ್ನಿ. ಅವಳಿಗೆ ಗೊತ್ತಿದ್ದ ಜಾಗ ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಯ ಮಹಡಿಯಲ್ಲಿತ್ತು. ಫೋನು ಮಾಡಿ ಕೇಳಿದರೆ ಅಲ್ಲಿ ಸರದಿ ಸಿಗಲು ಮೂರು ವಾರವಾಗುತ್ತದೆ ಎಂದರು. ಮೂರು ವಾರ ಕಾಯುವುದು ಯಾಕೆಂದು ನಾನೇ ಯಲಹಂಕದ ಕಡೆ ಬಸ್ಸಿನಿಂದ ನೋಡಿದ್ದ ಒಂದು ಗಾಜಿನ ಬಾಗಿಲಿನ ಜಾಗಕ್ಕೆ ಕರೆದುಕೊಂಡು ಹೋದೆ. ದೊಡ್ಡ ಬೋರ್ಡು, ನಗುವ ಮಗುವಿನ ಚಿತ್ರ. ಇದು ನನ್ನ ಎರಡನೇ ತಪ್ಪು. ಅದನ್ನೂ ಹೇಳುತ್ತೇನೆ, ಬೇರೆಯವರು ಮಾಡದಿರಲಿ.

ಒಳಗೆ ತಣ್ಣಗಿತ್ತು. ಟೈ ಕಟ್ಟಿದವನೊಬ್ಬ ಹುಡುಗಿಯನ್ನು ನೋಡುವ ಮೊದಲೇ ‘ಆರೇ ತಿಂಗಳು, ನಾರ್ಮಲ್ ಮಾಡಿ ಕೊಡ್ತೀವಿ ಮೇಡಂ’ ಎಂದ. ನನ್ನನ್ನು ಹುಟ್ಟಿದಾಗಿನಿಂದ ಯಾರೂ ಮೇಡಂ ಎಂದಿರಲಿಲ್ಲ. ಅದಕ್ಕೇ ಇರಬೇಕು, ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇನ್ನೊಬ್ಬಳು ಬಂದು ಹುಡುಗಿಯ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕಿರುಚಾಟ ಶುರುವಾಯಿತು. ತಾಯಿ ಎದ್ದು ನಿಂತಳು.

‘ಕೂತ್ಕೊಳ್ಳಿ ಮೇಡಂ, ಅಡ್ಜಸ್ಟ್ ಆಗ್ತಾಳೆ.’

ಅದೇ ಕಿರುಚಾಟ. ಎಂಟು ವಾರ ನನ್ನ ಕೆಂಡದ ಮುಂದೆ ಕೇಳಿದ್ದೆನಲ್ಲ, ಅದೇ. ನಾನೂ ಇದೇ ಮಾತು ಹೇಳಿದ್ದೆ, ದೃಷ್ಟಿ ಹೋಗುವಾಗ ಹೀಗೇ ಎಂದು. ಎದ್ದು ಹೋಗಿ ಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು. ಊರುಗೋಲಿನಿಂದ ಗಾಜಿಗೆ ಎರಡು ಕುಟ್ಟಿದೆ.

‘ತೆಗೀತೀಯೋ, ಒಡೀಲೋ?’

ತೆಗೆದಳು. ಹುಡುಗಿಯನ್ನು ಕುರ್ಚಿಗೆ ಬೆಲ್ಟು ಹಾಕಿ ಕೂರಿಸಿದ್ದರು. ಬಿಚ್ಚಿಸಿ ಕರೆದುಕೊಂಡು ಬಂದೆವು. ಟೈ ಕಟ್ಟಿದವನು ‘ಏನ್ ಅಜ್ಜಿ, ರೌಡಿ ಥರ’ ಎಂದ. ಮೇಡಂ ಹೋಗಿ ಅಜ್ಜಿ ಬಂದದ್ದು ಒಳ್ಳೆಯದೇ ಆಯಿತು.

ಮೂರು ವಾರ ಕಾದೆವು. ಹೆಬ್ಬಾಳದ ಮಹಡಿಯಲ್ಲಿ ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಚಾಪೆ ಹಾಸಿ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದಳು. ನಮ್ಮನ್ನೂ ಕೂರಲು ಹೇಳಿದಳು. ಹುಡುಗಿಯನ್ನು ಕರೆಯಲಿಲ್ಲ, ಮುಟ್ಟಲಿಲ್ಲ, ಮುದ್ದು ಮಾಡಲಿಲ್ಲ. ಒಂದು ಸ್ಟೀಲ್ ಮುಚ್ಚಳ ತೆಗೆದುಕೊಂಡು ತಾನೇ ನೆಲದ ಮೇಲೆ ತಿರುಗಿಸುತ್ತಾ ಕೂತಳು. ಇವಳಿಗೇನು ಕೆಲಸವಿಲ್ಲವೇ ಎಂದುಕೊಂಡೆ. ಹುಡುಗಿ ಕೋಣೆಯನ್ನು ಎರಡು ಸುತ್ತು ಹಾಕಿದಳು. ಆಮೇಲೆ ಬಂದು ಪಕ್ಕದಲ್ಲಿ ಕೂತು ತಾನೂ ಒಂದು ಮುಚ್ಚಳ ತಿರುಗಿಸಿದಳು. ಆಗ ಆ ಹೆಂಗಸು ತಾಯಿಯನ್ನು ಕೇಳಿದಳು: ‘ಇವಳಿಗೆ ಏನೇನು ಇಷ್ಟ?’

ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು ಹುಡುಗಿಗೆ ಏನು ಬರುವುದಿಲ್ಲ ಎಂದು. ನಾನೂ ಹಾಗೇ ಕೇಳಿದ್ದೆ.

ಡಾಕ್ಟರು ನೋಡಿದರು. ಟೈಲರಮ್ಮ ಹೇಳಿದ್ದನ್ನೇ ಹೇಳಿದರು. ವಾರಕ್ಕೆ ಎರಡು ದಿನ ಕರೆದುಕೊಂಡು ಬನ್ನಿ, ಮನೆಯಲ್ಲಿ ಮಾಡುವುದನ್ನು ಅಪ್ಪ ಅಮ್ಮ ಇಬ್ಬರಿಗೂ ಹೇಳಿಕೊಡುತ್ತೇವೆ, ಅಂಗನವಾಡಿಗೆ ಮತ್ತೆ ಕಳಿಸಿ ಎಂದರು. ‘ಅಪ್ಪ’ ಎಂದಾಗ ತಾಯಿ ತಲೆ ತಗ್ಗಿಸಿದಳು. ಅವನಿಗೆ ತಿಳಿಸದೆ ಬಂದಿದ್ದೆವು.

ಅವತ್ತೇ ಅವನಿಗೆ ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಹೆಂಡತಿ ಮಗಳನ್ನು ಟೆಂಪೊದಲ್ಲಿ ಕೂರಿಸಿಕೊಂಡು ನಮ್ಮ ಮನೆಗೇ ಬಂದ. ಹಿಂದೆ ಚಾಪೆ, ಬಟ್ಟೆಯ ಗಂಟು, ಹುಡುಗಿಯ ಪ್ಲಾಸ್ಟಿಕ್ ಕುರ್ಚಿ ಇದ್ದವು. ಯುಗಾದಿಗೆ ಇನ್ನೂ ಒಂದು ವಾರವಿತ್ತು. ಅವನು ಅಷ್ಟು ದಿನ ಕಾಯುವ ಹಾಗೆ ಕಾಣಲಿಲ್ಲ.

‘ಏನಜ್ಜಿ ಇದು?’ ಗೇಟಿನಿಂದಲೇ ಶುರುಮಾಡಿದ. ‘ನನ್ ಮಗಳಿಗೇನು ಹುಚ್ಚಾ? ಆಸ್ಪತ್ರೆಗೆ ಕರ್ಕೊಂಡೋಗಿದ್ದೀರಲ್ಲ. ನೀವೇ ಹೇಳಿದ್ದು ದೃಷ್ಟಿ ಅಂತ. ನಾಕ್ ಜನದ ಕಣ್ಣಿಗೆ ಬೀಳಬಾರ್ದು ಅಂದ್ರಿ. ಅದಕ್ಕೇ ಈಗ ಮಾಕಳಿಗೆ ಬಿಟ್ಟು ಬರ್ತೀನಿ.’

‘ಬಿಟ್ಟು ಬರುವಂತೆ. ಮೊದಲು ಕೂತ್ಕೋ. ಒಂದು ಕೊನೇ ಸಲ ತೆಗೆದುಬುಡ್ತೀನಿ.’

ದೃಷ್ಟಿ ತೆಗೆಯುತ್ತೇನೆಂದರೆ ಅವನು ಬೇಡ ಎನ್ನುವುದಿಲ್ಲವೆಂದು ನನಗೆ ಗೊತ್ತಿತ್ತು. ಕೂತ. ತಾಯಿ ಮಗಳನ್ನು ಟೈಲರ್ ಅಂಗಡಿಗೆ ಕಳಿಸಿದೆ.

‘ಮಗೂನೇ ಕಳಿಸಿದ್ರಲ್ಲ, ಯಾರಿಗೆ ತೆಗೀತೀರ?’

‘ಒರಳುಕಲ್ಲಿಗೆ.’

ಅಂಗಳದಲ್ಲಿ ನಮ್ಮ ಅತ್ತೆಯ ಕಾಲದ ಒರಳುಕಲ್ಲು ಬಿದ್ದಿದೆ. ಉಪ್ಪು, ಸಾಸಿವೆ, ಏಳು ಬ್ಯಾಡಗಿ ಹಿಡಿದು, ಕಲ್ಲಿಗೆ ಕ್ರಮವಾಗಿ ಮೂರು ಸಲ ಇಳಿತೆಗೆದೆ. ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಕೆಂಡಕ್ಕೆ ಹಾಕಿದೆ. ಚಟಪಟ ಎಂದಿತು. ಘಾಟಿಲ್ಲ.

‘ನೋಡಪ್ಪ, ಒರಳುಕಲ್ಲಿಗೆ ದೊಡ್ಡ ದೃಷ್ಟಿ ಆಗದೆ.’

‘ತಮಾಷೆ ಮಾಡ್ತಿದ್ದೀರಾ?’

‘ತಡಿ.’ ಟೈಲರಮ್ಮನಿಂದ ತರಿಸಿಟ್ಟಿದ್ದ ಗುಂಟೂರು ಮೆಣಸಿನಕಾಯಿ ಏಳು ತೆಗೆದು, ಅದೇ ಕಲ್ಲಿಗೆ ಮತ್ತೆ ಇಳಿತೆಗೆದು ಹಾಕಿದೆ.

ಅವನು ಎದ್ದು ಓಡಿದ. ನಾನು ಸೆರಗು ಮೂಗಿಗೆ ಒತ್ತಿಕೊಂಡೆ, ಆದರೂ ಕೆಮ್ಮು ತಡೆಯಲಿಲ್ಲ. ಪಕ್ಕದ ಕಟ್ಟಡದ ಎರಡನೇ ಮಹಡಿಯಿಂದ ಯಾರೋ ‘ಅಜ್ಜೀ, ಏನ್ ಸುಡ್ತಿದ್ದೀರಾ! ಸಾಯಿಸ್ತೀರಾ?’ ಎಂದು ಕೂಗಿದರು. ಮೂರನೇ ಮಹಡಿಯಲ್ಲಿ ಕಿಟಕಿ ಧಡಧಡ ಮುಚ್ಚಿತು.

‘ಈಗ ಕಲ್ಲಿನ ದೃಷ್ಟಿ ಓಯ್ತು,’ ಎಂದೆ.

ಅವನು ಗೇಟಿನ ಹತ್ತಿರ ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಿಂತ. ಕೆಮ್ಮುತ್ತಲೇ ನಗು ಬಂತು ಅವನಿಗೆ. ಆಮೇಲೆ ನಗು ನಿಂತಿತು.

‘ಅಂದ್ರೆ... ಎಂಟು ವಾರ?’

‘ಎಂಟು ವಾರ ನಾನು ಬ್ಯಾಡಗಿ ಸುಟ್ಟೆ ಕಣಪ್ಪ. ಅಷ್ಟೇ ಆಗಿದ್ದು. ಟೀಚರು ಡಾಕ್ಟರಿಗೆ ತೋರಿಸು ಅಂತ ಬರದಿದ್ಲು, ನಾನು ಓದಕ್ಕೆ ಬರ್ದೆ ತಾಯತ ಮಾಡ್ದೆ. ತಪ್ಪು ನಂದು. ನಿನ್ನ ಹೆಂಡ್ತೀದಲ್ಲ, ಮಗೂದಲ್ಲ.’

‘ಹಂಗಾದ್ರೆ ಅವಳಿಗೆ ಏನಾಗಿದೆ?’

‘ಏನೂ ಆಗಿಲ್ಲ. ಅವಳು ಇರೋದೇ ಅಂಗೆ.’

‘ವಾಸಿ ಆಗಲ್ವಾ?’

‘ಕಾಯಿಲೆ ಆಗಿದ್ರಲ್ಲವಾ ವಾಸಿ ಆಗೋಕೆ? ಕಲೀತಾಳೆ. ನಿಧಾನ. ಹೇಳಿಕೊಡೋರು ಬೇಕು. ಮಾಕಳಿ ಕೋಣೇಲಿ ಯಾರು ಹೇಳಿಕೊಡ್ತಾರೆ, ಗೋಡೇನಾ?’

ಅವನು ಟೆಂಪೊ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ‘ನಾವಿಬ್ರೂ ಹೋದ್ಮೇಲೆ ಯಾರು ನೋಡ್ಕೊತಾರಜ್ಜಿ? ಅಮ್ಮನ ಮನೇಲಾದ್ರೆ ನಮ್ ಜನ ಅಂತ ಇರ್ತಾರೆ’ ಎಂದ.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಲ್ಲದಿದ್ದಾಗ ಇಲ್ಲವೆನ್ನುವುದನ್ನು ಆ ಹೊತ್ತಿಗೆ ಕಲಿತಿದ್ದೆ. ‘ನನಗೆ ಗೊತ್ತಿಲ್ಲ. ಗೊತ್ತಿರೋರ ತಾವ ಬಾ,’ ಎಂದು ಟೈಲರ್ ಅಂಗಡಿಗೆ ಕರೆದುಕೊಂಡು ಹೋದೆ.

ಟೈಲರಮ್ಮನ ಮಗ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದ. ತಲೆ ಎತ್ತದೆ, ಇವನ ಮುಖ ನೋಡದೆ, ‘ಮೂರನೇ ಗುಂಡಿ ಇಲ್ಲ’ ಎಂದ. ಇವನು ಅಂಗಿ ನೋಡಿಕೊಂಡ. ಮೂರನೇ ಗುಂಡಿ ಇರಲಿಲ್ಲ.

‘ಬಿಚ್ಚಿ,’ ಎಂದ ಅವನು.

‘ಪರವಾಗಿಲ್ಲ ಬಿಡಿ.’

‘ಬಿಚ್ಚಿ.’

‘ಬಿಚ್ಚಿಬಿಡಿ ಅಣ್ಣ,’ ಎಂದಳು ಟೈಲರಮ್ಮ. ‘ಗುಂಡಿ ಹಾಕೋವರೆಗೂ ಅವನು ಬೇರೆ ಕೆಲಸ ಮಾಡಲ್ಲ. ನನ್ನ ಬ್ಲೌಸು ನಿಂತುಹೋಗ್ತವೆ.’

ಟೆಂಪೊದವನು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತ. ಆ ಹುಡುಗ ಗುಂಡಿಯ ಡಬ್ಬಿಗಾಗಿ ಮೇಜಿನ ಕೆಳಗೆ ಕೈ ಹಾಕಿದ. ಡಬ್ಬಿ ಅಲ್ಲಿರಲಿಲ್ಲ. ಟೆಂಪೊದವನ ಮಗಳ ಹತ್ತಿರ ಇತ್ತು. ಮೇಜಿನ ಕೆಳಗೆ ಕೂತು, ಗುಂಡಿಗಳನ್ನೆಲ್ಲ ಸುರಿದುಕೊಂಡು, ಬಿಳಿಯದು ಒಂದು ಸಾಲು, ಕಂದು ಒಂದು ಸಾಲು, ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ ಜೋಡಿಸಿದ್ದಳು. ಆ ಹುಡುಗ ಬಗ್ಗಿ ನೋಡಿ, ಸಾಲು ಕೆಡಿಸದೆ, ತುದಿಯಿಂದ ಒಂದು ಬಿಳಿ ಗುಂಡಿ ತೆಗೆದುಕೊಂಡ. ಅವಳು ಕಿರುಚಲಿಲ್ಲ. ಉಳಿದವನ್ನು ಬೆರಳಿನಿಂದ ಸರಿಸಿ ಜಾಗ ತುಂಬಿದಳು.

ತಂದೆ ಬಹಳ ಹೊತ್ತು ಮೇಜಿನ ಕೆಳಗೆ ನೋಡಿದ. ‘ಇದನ್ನ ಯಾರು ಹೇಳಿಕೊಟ್ರು?’ ಎಂದು ಹೆಂಡತಿಯನ್ನು ಕೇಳಿದ.

‘ಯಾರೂ ಇಲ್ಲ.’

ಟೈಲರಮ್ಮ ಶನಿವಾರದ ವಿಷಯ ಹೇಳಿದಳು. ಇಂಥ ಮಕ್ಕಳಿರುವ ಆರೇಳು ಮನೆಯವರು ಶನಿವಾರ ಮಧ್ಯಾಹ್ನ ಅಲ್ಲೇ, ಶಟರ್ ಅರ್ಧ ಇಳಿಸಿಕೊಂಡು ಸೇರುತ್ತಿದ್ದರು. ನನ್ನ ಮನೆಯಿಂದ ಐವತ್ತು ಹೆಜ್ಜೆ. ಅಷ್ಟು ವರ್ಷ ನಾನು ಅದನ್ನು ಚೀಟಿ ಹಣ ಕಟ್ಟುವವರ ಗುಂಪೆಂದುಕೊಂಡಿದ್ದೆ. ‘ನಾವು ಹೋದ್ಮೇಲೆ ಯಾರು ಅನ್ನೋದು ನಮಗೆಲ್ಲ ಇದೆ ಅಣ್ಣ,’ ಎಂದಳು. ‘ನನಗೂ ಉತ್ತರ ಸಿಕ್ಕಿಲ್ಲ. ಆದರೆ ನಾಲ್ಕು ಜನಕ್ಕೆ ಅವಳ ಗುರುತೇ ಇಲ್ಲ ಅಂದ್ರೆ ಆಮೇಲೆ ಯಾರು ಬರ್ತಾರೆ? ಮೊದಲು ನಾಲ್ಕು ಜನದ ಕಣ್ಣಿಗೆ ಬೀಳಲಿ.’

ನಾನು ಹೇಳಿದ್ದ ಮಾತೇ ಅದು. ತಿರುಗಿಸಿ ಹಾಕಿದಳು, ಒಳಗಿನ ಹೊಲಿಗೆ ಹೊರಗೆ ಮಾಡಿದ ಹಾಗೆ.

ಗುಂಡಿ ಹಾಕಿ ಆಯಿತು. ಅವನು ಅಂಗಿ ತೊಟ್ಟುಕೊಂಡು ಹೊರಗೆ ಹೋದ. ಮಾಕಳಿಗೇ ಹೊರಟನೇನೋ ಎಂದುಕೊಂಡೆ. ಟೆಂಪೊದ ಹಿಂದಿನಿಂದ ಹುಡುಗಿಯ ಪ್ಲಾಸ್ಟಿಕ್ ಕುರ್ಚಿ ಇಳಿಸಿಕೊಂಡು ಬಂದು ಮೇಜಿನ ಪಕ್ಕ ಇಟ್ಟ. ‘ನೆಲ ತಣ್ಣಗಿದೆ,’ ಎಂದ. ಹುಡುಗಿ ಕುರ್ಚಿಯಲ್ಲಿ ಕೂರಲಿಲ್ಲ. ಅದರ ಮೇಲೂ ಗುಂಡಿ ಜೋಡಿಸಿದಳು. ಎರಡು ದಿನ ಬಿಟ್ಟು ಹೆಬ್ಬಾಳಕ್ಕೆ ಅವನೇ ಕರೆದುಕೊಂಡು ಹೋದ. ಮಾಕಳಿಯ ಕೋಣೆಯಲ್ಲಿ ಈಗ ಈರುಳ್ಳಿ ಹರಡಿದ್ದಾರಂತೆ.

ಶನಿವಾರಕ್ಕೆ ನಾನೂ ಹೋಗತೊಡಗಿದೆ. ಓದಿದವರು ಹೇಳುವ ದೊಡ್ಡ ದೊಡ್ಡ ಪದ ನನಗೆ ತಿಳಿಯುವುದಿಲ್ಲ. ಆದರೆ ಆ ತಾಯಂದಿರಿಗೆ ಬೇಕಾಗಿದ್ದುದು ಬೇರೆ. ಮಗುವಿನ ಕೂದಲು ಕತ್ತರಿಸುವಾಗ ಹಿಡಿದು ಅದುಮದ ಕ್ಷೌರದವನು ಬೇಕು. ಗಂಟೆ ಬಾರಿಸುವ ಮೊದಲು ಒಂದು ಮಾತು ಹೇಳುವ ಪೂಜಾರಿ ಬೇಕು. ಗಲಾಟೆಗೆ ಮನೆ ಖಾಲಿ ಮಾಡಿಸದ ಮನೆ ಮಾಲೀಕ ಬೇಕು. ಅದೆಲ್ಲ ನನಗೆ ಗೊತ್ತು. ಈ ಊರಲ್ಲಿ ಅರ್ಧ ಜನರನ್ನು ನಾನು ತೊಟ್ಟಿಲಲ್ಲಿ ನೋಡಿದ್ದೇನೆ. ಕ್ಷೌರದವನ ಅಂಗಡಿಗೆ ಹೋಗಿ, ‘ನಿನಗೆ ಎಷ್ಟು ಸಲ ದೃಷ್ಟಿ ತೆಗೆದಿದ್ದೀನೋ, ಲೆಕ್ಕ ಇಟ್ಟಿದ್ದೀಯಾ? ಮಂಗಳವಾರ ಅಂಗಡಿ ಮುಚ್ಚಿರ್ತದಲ್ಲ, ಅವತ್ತು ಈ ಮಕ್ಕಳಿಗೆ ಒಂದು ಗಂಟೆ ತೆಗೀಬೇಕು. ಮೆಷಿನ್ ಹಾಕ್ಬೇಡ, ಕತ್ತರಿ. ನೆಲದ ಮೇಲೆ ಕೂತ್ರೆ ನೆಲದ ಮೇಲೇ ಕತ್ತರಿಸು’ ಎಂದೆ. ‘ಆಗಲಿ ಬಿಡಜ್ಜಿ, ಶಾಪ ಹಾಕ್ಬೇಡ’ ಎಂದ. ಈಗ ಯಲಹಂಕದಿಂದಲೂ ಬರುತ್ತಾರೆ ಅವನ ಹತ್ತಿರ.

ದೃಷ್ಟಿ ತೆಗೆಯುವುದನ್ನು ಬಿಟ್ಟೆನೇ ಎಂದು ಕೇಳುವವರಿದ್ದಾರೆ. ಬಿಟ್ಟಿಲ್ಲ. ಬಿಟ್ಟರೆ ತಾಯಂದಿರು ನನ್ನ ಹತ್ತಿರ ಬರುವುದಿಲ್ಲ, ಇನ್ನೊಬ್ಬಳ ಹತ್ತಿರ ಹೋಗುತ್ತಾರೆ. ಮಗು ಮಾತಾಡುತ್ತಿಲ್ಲ ಎಂದು ಹೆದರಿದವರು ಮೊದಲು ಡಾಕ್ಟರ ಬಾಗಿಲಿಗೆ ಹೋಗುವುದಿಲ್ಲ, ನನ್ನ ಬಾಗಿಲಿಗೇ ಬರುತ್ತಾರೆ. ಮೂರು ಸಲ ಇಳಿತೆಗೆಯುತ್ತೇನೆ, ಮಕ್ಕಳು ಹೋದ ಮೇಲೆ ಸುಡುತ್ತೇನೆ. ನಡುವೆ ಕೇಳುತ್ತೇನೆ. ಹೆಸರು ಕರೆದರೆ ತಿರುಗುತ್ತಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾ? ಬಂದ ಮಾತು ಹೋಯಿತಾ? ಹೌದೋ ಇಲ್ಲವೋ ಎಂದು ಅವರು ತಡವರಿಸಿದರೆ ನೆಲದ ಮೇಲೆ ಒಂದು ಮುಚ್ಚಳ ತಿರುಗಿಸಿ ಮಗು ಏನು ಮಾಡುತ್ತದೆಂದು ನೋಡುತ್ತೇನೆ. ಏನಿದೆ ಎಂದು ನಾನು ಹೇಳುವುದಿಲ್ಲ. ಅದು ನನ್ನ ಕೆಲಸವಲ್ಲ. ‘ದೃಷ್ಟಿ ತೆಗೆದಾಯ್ತು. ಇನ್ನು ಆ ಟೈಲರಮ್ಮನ ನೋಡ್ಕೊಂಡೋಗು’ ಎನ್ನುತ್ತೇನೆ. ಯಾರಾದರೂ ಚೀಟಿ ತಂದರೆ ನಾನು ಮುಟ್ಟುವುದಿಲ್ಲ. ಅದೂ ಅವಳಿಗೇ.

ಆ ಹುಡುಗಿಗೆ ಈಗ ಏಳು ದಾಟಿದೆ. ಕೆಂಪಾಪುರದ ಶಾಲೆಯಲ್ಲಿ ಒಂದನೇ ಕ್ಲಾಸು. ಬಾಯಿಮಾತು ಹತ್ತಿಪ್ಪತ್ತು ಬರುತ್ತದೆ, ಉಳಿದದ್ದಕ್ಕೆ ಕಾರ್ಡು ತೋರಿಸುತ್ತಾಳೆ. ನೀರಿಗೆ ಲೋಟದ ಚಿತ್ರ, ಊಟಕ್ಕೆ ತಟ್ಟೆ, ಬಸ್ಸಿಗೆ ಬಸ್ಸು. ಮನುಷ್ಯರಿಗೆ ಅವರವರ ಫೋಟೊ. ನನ್ನದೂ ಒಂದು ಫೋಟೊ ಹಿಡಿದು ಕಾರ್ಡು ಮಾಡಿಕೊಟ್ಟಿದ್ದರು. ಅದನ್ನು ಅವಳು ಹಲ್ಲಿನಲ್ಲಿ ಕಚ್ಚಿ ಎಸೆದಳಂತೆ. ಅಡುಗೆಮನೆಯ ಕಾರ್ಡುಗಳಿಂದ ತಾನೇ ಒಂದನ್ನು ಆರಿಸಿ ಆ ಜಾಗದಲ್ಲಿ ಇಟ್ಟುಕೊಂಡಳು.

ಕಳೆದ ಭಾನುವಾರ ಅವಳ ಅಪ್ಪ ಕರೆದುಕೊಂಡು ಬಂದಿದ್ದ. ‘ಬೆಳಗ್ಗೆಯಿಂದ ಇದೊಂದೇ ಕಾರ್ಡು ತಂದು ತಂದು ಕೈಗಿಡ್ತಾಳೆ. ತಡಿಯೋಕಾಗ್ಲಿಲ್ಲ, ಕರ್ಕೊಂಡು ಬಂದೆ,’ ಎಂದ. ನೋಡಿದೆ. ಕೆಂಪು ಒಣಮೆಣಸಿನಕಾಯಿ.

‘ನಾನಾ ಇದು?’

‘ಹೂಂ ಅಜ್ಜಿ. ನೀವೇ.’

ಎಂಟು ವಾರ ನಾನು ಮಾಡಿದ್ದನ್ನು ಅವಳು ಮರೆತಿಲ್ಲ. ಮರೆಯಬೇಕಾಗಿಯೂ ಇಲ್ಲ. ಆದರೂ ಬಂದಿದ್ದಳು. ಗೇಟಿನಲ್ಲಿ ನಿಂತು ಅಂಗಳದಲ್ಲಿ ಕೆಂಡವಿದೆಯೇ ಎಂದು ನೋಡಿದಳು. ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಮುಖ ನೋಡಲಿಲ್ಲ. ಮುಚ್ಚಳವನ್ನು ನನ್ನ ಕೈಗೆ ಕೊಟ್ಟಳು.

ನಾನು ತಿರುಗಿಸಿದೆ.